ಲ್ಯಾಂಡ್‌ಲಬ್ಬರ್ ಬೇಸಿಗೆ

ಕೊಲ್ಲಿ ದಾಟಿಸುವ ಡಂಬಾರ್ಟನ್ ಸೇತುವೆ ಹತ್ತಿರವಾಗುತ್ತಿದ್ದಂತೆ ನನ್ನ ಗಂಡ ಕಾರಿನ ಕಿಟಕಿ ಏರಿಸಿಬಿಡುತ್ತಾರೆ. ನೀರು ಇಳಿದ ಹೊತ್ತಿನಲ್ಲಿ ಅಲ್ಲಿ ಕೊಲ್ಲಿಯ ಕೆಸರು ನಾರುತ್ತದೆ. ಫ್ರೀಮಾಂಟಿನಲ್ಲಿ ಇಷ್ಟು ವರ್ಷ ಕಳೆದವರಿಗೆ ಅದೇನೂ ಹೊಸದಲ್ಲ. ಕಳೆದ ತಿಂಗಳು ಅವರು ಊರಲ್ಲಿರಲಿಲ್ಲ. ಕಾರು ನಾನೇ ಓಡಿಸುತ್ತಿದ್ದೆ, ಕಿಟಕಿ ಅರ್ಧ ತೆರೆದಿತ್ತು. ಉಪ್ಪು, ಪಾಚಿ, ಜೊತೆಗೆ ಎಲ್ಲಿಂದಲೋ ಬಂದ ಚೂರು ಡೀಸೆಲ್ ವಾಸನೆ. ಒಂದೇ ಉಸಿರು ಒಳಗೆ ಹೋಗಿದ್ದೇ ತಡ, ಸ್ಟಿಯರಿಂಗ್ ಹಿಡಿದ ಬೆರಳುಗಳು ಮರಗಟ್ಟಿಹೋದವು. ಹೊರಗೆ ಸುಡುಸುಡು ಬಿಸಿಲು! ನನಗೆ ಹಲ್ಲು ಕಟಕಟ ಎನ್ನುತ್ತಿತ್ತು. ಸೇತುವೆ ದಾಟಿ ಮೊದಲು ಸಿಕ್ಕ ಕಡೆ ಕಾರು ನಿಲ್ಲಿಸಿ ಸುಮ್ಮನೆ ಕೂತೆ. ಆ ಬೇಸಿಗೆ ಮುಗಿದು ವರ್ಷಗಳಾದವು, ನನ್ನ ಮೈ ಮಾತ್ರ ಇನ್ನೂ ಅದನ್ನು ಬಿಟ್ಟಿಲ್ಲ.

ಎಲ್ಲ ನನ್ನ ಗಂಡ ಗಿರೀಶರ ಕರಾಮತ್ತು. ಮಗಳು ಕಾಲೇಜಿಗೆಂದು ಮನೆ ಬಿಟ್ಟ ವರ್ಷ ಅದು. ಅವರ ಆಫೀಸಿನ ಗೆಳೆಯರೆಲ್ಲ ಗಾಲ್ಫೋ, ಬೆಟ್ಟ ಹತ್ತುವುದೋ ಏನೋ ಒಂದು ಹಚ್ಚಿಕೊಂಡಿದ್ದರು. ಇವರಿಗೆ ಹಾಯಿದೋಣಿ ಹೊಳೆಯಿತು. ಹಾಸನದ ಮನುಷ್ಯ, ಹೇಮಾವತಿಯಲ್ಲಿ ಮೊಣಕಾಲಿನ ತನಕ ಇಳಿದು, ಪ್ಯಾಂಟು ಒದ್ದೆಯಾಯಿತೆಂದು ದಿನವಿಡೀ ಗೊಣಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಇಷ್ಟು ವರ್ಷ ಕೊಲ್ಲಿ ಪಕ್ಕದಲ್ಲೇ ಇದ್ದು ಒಂದ್ಸಲಾನೂ ನೀರಿಗಿಳಿದಿಲ್ಲ ಅಂದ್ರೆ ನಾಚಿಕೆಗೇಡು ಕಣೇ ಶೈಲಾ," ಎಂದರು.

"ಇಳೀದೇ ಇರೋರು ಬೇಕಾದಷ್ಟು ಜನ ಸುಖವಾಗಿದಾರೆ ರೀ," ಎಂದೆ.

ಕೇಳುವ ಕಿವಿ ಇದ್ದರೆ ತಾನೆ? ಅಲಮೀಡಾದಲ್ಲಿ ಪ್ರತಿ ಶನಿವಾರ ಹಾಯಿದೋಣಿ ನಡೆಸುವುದನ್ನು ಕಲಿಸುವ ಕ್ಲಾಸಿಗೆ ನಮ್ಮಿಬ್ಬರ ಹೆಸರನ್ನೂ ಕೊಟ್ಟು ಬಂದರು. ಸಾಲದ್ದಕ್ಕೆ ನಾಗರಾಜುವನ್ನೂ ಎಳೆದುಕೊಂಡು ಬಂದರು.

ನಾಗರಾಜು ಗಿರೀಶರ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ. ಮಂಡ್ಯ ಕಡೆಯವನು, ಮನೆ ಸ್ಯಾನ್ ರಮೋನಿನಲ್ಲಿ. ಒಂದು ಯುಗಾದಿ ಊಟದಲ್ಲಿ ಪರಿಚಯವಾದವನು ನನ್ನನ್ನು ಅಕ್ಕ ಎಂದು ಕರೆದ. ಕರೆದ ಮೇಲೆ ಮುಗಿಯಿತು, ಅಕ್ಕನೇ. ಹಬ್ಬಕ್ಕೆ ಬಂದರೆ ಹೆಂಡತಿ ಮಗಳ ಸಮೇತ ಕಾಲಿಗೆ ನಮಸ್ಕಾರ ಮಾಡುತ್ತಿದ್ದ. ನಾನು ನಿಂತಿದ್ದರೆ ತಾನು ಕೂರುತ್ತಿರಲಿಲ್ಲ. ಇಂಥ ವಿನಯ ಈಗ ಊರಲ್ಲೂ ಕಾಣಸಿಗದು ಎಂದು ನಾನು ಕಂಡಕಂಡವರ ಮುಂದೆ ಹೇಳಿಕೊಂಡು ಮೆರೆದದ್ದುಂಟು.

ನಮಗೆ ಕಲಿಸುವಾಕೆಯ ಹೆಸರು ಲೊರೇನ್. ಎಪ್ಪತ್ತು ದಾಟಿದ ಹೆಂಗಸು. ದೊಡ್ಡ ಹಡಗುಗಳನ್ನು ಬಂದರಿಗೆ ಎಳೆದು ತರುವ ಟಗ್ ದೋಣಿಗೆ ಜನ್ಮವಿಡೀ ಕ್ಯಾಪ್ಟನ್ ಆಗಿದ್ದವರು. ಗಿಡ್ಡ ದೇಹ, ಗಂಟಲು ಮಾತ್ರ ರೈಲ್ವೆ ಸ್ಟೇಷನ್ನಿನದು. ಮೊದಲ ದಿನ ನಾವು ಮೂವರು ದೋಣಿ ಕಟ್ಟುವ ಮರದ ದಕ್ಕೆಯ ಮೇಲೆ ನಿಂತು, ಚಪ್ಪಲಿ ಬಿಟ್ಟು ಹತ್ತಬೇಕೋ ಹಾಗೇ ಹತ್ತಬಹುದೋ ಎಂದು ಗುಸುಗುಸು ಮಾಡುತ್ತಿದ್ದೆವು. ನಾಗರಾಜು ಬಗ್ಗಿ ದೋಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಲೊರೇನ್ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಲ್ಯಾಂಡ್‌ಲಬ್ಬರ್‌ಗಳು!" ಎಂದರು. "ಮೂರಕ್ಕೆ ಮೂರೂ!"

ಸಮುದ್ರ ಕಾಣದ, ನೆಲಕ್ಕೇ ಅಂಟಿಕೊಂಡ ದಡ್ಡರಿಗೆ ಹಳೆಯ ಕಾಲದ ನಾವಿಕರು ಇಟ್ಟ ಹೆಸರಂತೆ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವಯಸ್ಸಾದ ಮೇಲೆ, ಒಂದು ಲ್ಯಾಬು ನಡೆಸುವ ನನ್ನನ್ನು ಒಬ್ಬಾಕೆ ಮುಖಕ್ಕೆ ಮುಖ ಕೊಟ್ಟು ಹೀಗನ್ನುವುದೇ? ನಾಗರಾಜು ಮಾತ್ರ ಹಲ್ಲುಬಿಟ್ಟ.

"ಲ್ಯಾಂಡು ನಮ್ಗೈತಲ್ಲಕ್ಕ, ಊರಲ್ಲಿ ಗದ್ದೆ ಐತೆ. ಅಂದ್ರೆ ಅಂದ್ಕಳ್ಳಿ ಬುಡಿ."

ಆ ಬೇಸಿಗೆ ಪೂರ್ತಿ ಬೈಗುಳದ ಪಾಠವೇ ನಡೆಯಿತು. ಹಗ್ಗದ ಗಂಟು ತಪ್ಪಿದರೆ ಲಬ್ಬರ್. ಗಾಳಿ ಬರುವ ಕಡೆ ಬಿಟ್ಟು ಫೋನು ನೋಡಿದರೆ ಲಬ್ಬರ್. ಹಳೆಯ ಹಡಗುಗಳಲ್ಲಿ ಕಂಬದ ಅರ್ಧದಲ್ಲಿ ಒಂದು ಅಟ್ಟಣಿಗೆ ಇರುತ್ತಿತ್ತಂತೆ. ಎದೆಗಾರಿಕೆ ಇದ್ದವರು ಹೊರಗಿನಿಂದ ಜೋತುಬಿದ್ದು ಹತ್ತುತ್ತಿದ್ದರು, ಪುಕ್ಕಲರು ನಡುವಿನ ತೂತಿನಿಂದ ನುಸುಳುತ್ತಿದ್ದರು. ಆ ತೂತಿಗೂ ಲಬ್ಬರನದೇ ಹೆಸರು. ಹಡಗಿನಲ್ಲಿ ಭೂಮಧ್ಯರೇಖೆ ದಾಟದವನು ಗೊದಮೊಟ್ಟೆ. ಅದನ್ನು ಕೇಳಿ ಗಿರೀಶ್, ನಾವು ಬೆಂಗಳೂರಿಗೆ ಅದೆಷ್ಟು ಸಲ ಹಾರಿಲ್ಲ ಎಂದು ಎದೆಯುಬ್ಬಿಸಿದರು. ಆ ದಾರಿಯಲ್ಲಿ ಭೂಮಧ್ಯರೇಖೆ ಸಿಗುವುದೇ ಇಲ್ಲ, ಮೇಲಾಗಿ ಪುಕ್ಕಟೆ ಜ್ಯೂಸು ಕುಡಿಯುತ್ತ ದಾಟಿದರೆ ಅದು ಲೆಕ್ಕಕ್ಕಿಲ್ಲ ಎಂದರು ಲೊರೇನ್. ಗಿರೀಶರ ಮುಖ ಇಷ್ಟಗಲವಿದ್ದದ್ದು ಇಷ್ಟಾಯಿತು. ಆಮೇಲೆ ಮನೆಯಲ್ಲಿ ಸಿಟ್ಟು ಬಂದಾಗಲೆಲ್ಲ ನಾನು ಅವರನ್ನು ಗೊದಮೊಟ್ಟೆ ಎಂದೇ ಕರೆದೆ.

ಮೂವರಲ್ಲಿ ಮುಂದೆ ಹೋದವನು ನಾಗರಾಜು. ಹಗ್ಗ ಅವನ ಕೈಯಲ್ಲಿ ಮಾತು ಕೇಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ದಿಂಬಿನ ಆಟದಲ್ಲಿ ಅವನು ಎತ್ತಿದ ಕೈ. ಯಾರಾದರೂ ನೀರಿಗೆ ಬಿದ್ದರೆ ಏನು ಮಾಡಬೇಕೆಂಬ ಪಾಠವದು. ಲೊರೇನ್ ಒಂದು ಕೆಂಪು ದಿಂಬನ್ನು ಹೇಳದೆ ಕೇಳದೆ ನೀರಿಗೆ ಎಸೆಯುತ್ತಿದ್ದರು. ಅದಕ್ಕೆ ಆಕೆ ಇಟ್ಟ ಹೆಸರು 'ನನ್ನ ಎರಡನೇ ಗಂಡ'. ಚುಕ್ಕಾಣಿ ಹಿಡಿದವರು ದೋಣಿಯನ್ನು ಸುತ್ತು ಹಾಕಿ ತಿರುಗಿಸಿ ಅಲ್ಲಿಗೇ ತರಬೇಕು. ಅವರಿಗೆ ಹಾಯಿ, ಗಾಳಿ ನೋಡುವುದರಲ್ಲೇ ಸಾಕಾಗಿರುತ್ತದೆ, ದಿಂಬು ಕಾಣುವುದಿಲ್ಲ. ಅದಕ್ಕೇ ಒಬ್ಬರು ಬೇರೆ ಯಾವ ಕೆಲಸವನ್ನೂ ಮುಟ್ಟಬಾರದು. ಎದ್ದು ನಿಂತು, ತೋಳು ನೀಟಾಗಿ ಚಾಚಿ, ಬಿದ್ದದ್ದರ ಕಡೆಗೇ ಬೆರಳು ತೋರಿಸುತ್ತ ಇರಬೇಕು. ಕಣ್ಣು ಕೀಳಕೂಡದು. ಅಲೆಯ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟೇ ಕಾಣುತ್ತದೆ, ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂದು ಆಕೆ ಹೇಳಿದ್ದರು. ಗಿರೀಶ್ ಅತ್ತಿತ್ತ ನೋಡುತ್ತಿದ್ದರು. ನನಗೆ ತೋಳು ಸೋಲುತ್ತಿತ್ತು. ನಾಗರಾಜು ಮಾತ್ರ ಕೆತ್ತಿ ನಿಲ್ಲಿಸಿದ ಹಾಗೆ ನಿಂತು ದಿಂಬಿಗೆ ಗುರಿಯಿಟ್ಟು ಬೆರಳು ಚಾಚಿರುತ್ತಿದ್ದ. ಜುಲೈ ಕೊನೆಯಲ್ಲಿ ಒಂದು ದಿನ ಲೊರೇನ್ ಅವನ ಬೆನ್ನು ತಟ್ಟಿ, ಇನ್ನು ನೀನು ಲಬ್ಬರ್ ಅಲ್ಲ ಎಂದು ಘೋಷಿಸಿದರು. ನಾವಿಬ್ಬರು ಹಾಗೇ ಉಳಿದೆವು. ನನಗೆ ಹೊಟ್ಟೆ ಉರಿಯಿತು ಅಂತಲೇ ಹೇಳುತ್ತೇನೆ.

ಆ ಶನಿವಾರ ಆಗಸ್ಟಿನದು. ಇಲ್ಲಿಯ ಬೇಸಿಗೆ ಗೊತ್ತಿಲ್ಲದವರಿಗೆ ಹೇಳಬೇಕು: ಫ್ರೀಮಾಂಟಿನಲ್ಲಿ ಹಪ್ಪಳ ಒಣಗಿಸುವಷ್ಟು ಬಿಸಿಲಿದ್ದರೂ ಕೊಲ್ಲಿಯ ನಡುವೆ ಸ್ವೆಟರು ಬೇಕು. ಮಧ್ಯಾಹ್ನವಾದರೆ ಕಡಲ ಕಡೆಯಿಂದ ಮಂಜು ಆಚೆ ದಡದ ನಗರದ ಮೇಲೆ ಇಳಿಯುತ್ತದೆ, ಗಾಳಿ ಏಳುತ್ತದೆ, ನೀರಿನ ಮೈಮೇಲೆಲ್ಲ ಬಿಳಿ ನೊರೆ. ಗಿರೀಶ್ ಚುಕ್ಕಾಣಿ ಹಿಡಿದಿದ್ದರು. ಲೊರೇನ್ ಅವರ ಪಕ್ಕದಲ್ಲಿ. ದೋಣಿ ತಿರುಗುವಾಗ ನಾವು ಆ ಪಕ್ಕದಿಂದ ಈ ಪಕ್ಕಕ್ಕೆ ಸರಿದು ಕೂರಬೇಕು. ನಾನು ಏಳುವುದಕ್ಕೂ, ದೂರದಲ್ಲಿ ಹೋದ ಫೆರ್ರಿ ಹಡಗೊಂದರ ಅಲೆಗಳು ಬಂದು ದೋಣಿಯ ಪಕ್ಕೆಗೆ ಬಡಿಯುವುದಕ್ಕೂ ಸರಿಹೋಯಿತು. ಕಾಲ ಕೆಳಗಿನ ಹಲಗೆ ಜಾರಿತು. ನಾಗರಾಜುವಿನ ಬಾಯಿ ತೆರೆದದ್ದು ಕಂಡಿತು. ಅಷ್ಟೇ.

ಆ ತಣ್ಣೀರನ್ನು ಹೇಗೆ ಹೇಳಲಿ? ತಣ್ಣಗಿತ್ತು ಅನ್ನುವುದು ಮಾತೇ ಅಲ್ಲ. ಯಾರೋ ಎದೆಗೆ ಒದ್ದ ಹಾಗಾಯಿತು. ಕೂಗಬೇಕು ಅಂದರೆ ಉಸಿರು ಒಳಗೇ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ! ಅಷ್ಟರಲ್ಲಿ ಕುತ್ತಿಗೆಯ ಬಳಿ ಢಮ್ಮೆಂದು ಲೈಫ್ ಜಾಕೆಟ್ಟು ಉಬ್ಬಿತು. ಅದು ನೀರಿಗೆ ಬಿದ್ದರೆ ತಾನೇ ಉಬ್ಬುವಂಥದ್ದು ಎಂದು ಗೊತ್ತಿತ್ತು, ಆದರೂ ಸತ್ತೇಹೋದೆ ಅಂದುಕೊಂಡೆ. ಮೂಗಿನಲ್ಲಿ ಉಪ್ಪು, ಕಣ್ಣಲ್ಲಿ ಉಪ್ಪು. ಕಣ್ಣು ಬಿಟ್ಟರೆ ನಾನು ಮುಖ ಮೇಲಾಗಿ ತೇಲುತ್ತಿದ್ದೇನೆ, ದೋಣಿ ನನ್ನನ್ನು ಬಿಟ್ಟು ಹೋಗುತ್ತಿದೆ. ದೋಣಿ ಅಷ್ಟು ಬೇಗ ಹೋಗುತ್ತದೆ ಎಂದು ಅದರೊಳಗೆ ಕೂತಾಗ ಯಾವತ್ತೂ ಅನಿಸಿರಲಿಲ್ಲ.

ನಾಗರಾಜು ಎದ್ದು ನಿಂತಿದ್ದ. ಅಬ್ಬ, ಅವನಿದ್ದಾನೆ ಎಂದುಕೊಂಡೆ. ಅವನ ಕೈ ಮೇಲೆ ಬಂತು. ಬೆರಳು ಬರಲಿಲ್ಲ. ಅಂಗೈ ಮೇಲೆ ಮಾಡಿ, ಐದೂ ಬೆರಳು ಜೋಡಿಸಿ, ಮೈ ಸ್ವಲ್ಪ ಬಗ್ಗಿಸಿ, ಮದುವೆಮನೆಯಲ್ಲಿ 'ಊಟಕ್ಕೆ ಏಳಿ' ಎಂದು ಹಿರಿಯರಿಗೆ ದಾರಿ ತೋರಿಸುವ ಹಾಗೆ ನನ್ನ ಕಡೆ ಕೈ ಆಡಿಸಿದ! ನಾನು ಸಾಯುತ್ತಿದ್ದೇನೆ, ಅವನು ನನ್ನನ್ನು ಪಂಕ್ತಿಗೆ ಕರೆಯುತ್ತಿದ್ದಾನೆ! ಲೊರೇನ್ ಗಂಟಲು ಹರಿಯುವಂತೆ ಅರಚಿದ್ದು ನೀರಿನ ಮೇಲೆ ನನಗೂ ಕೇಳಿಸಿತು: "ಬೆರಳು! ಬೆರಳು ತೋರಿಸು! ಎಲ್ಲಿ ಅವಳು?" ಅಲೆಯೊಂದು ನಡುವೆ ಎದ್ದಿತು. ಅದು ಇಳಿದಾಗ ಅವನು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತಿದ್ದ.

ಕಣ್ಣು ಮುಚ್ಚಿದ್ದ! ನನ್ನನ್ನು ನೋಡುತ್ತಿದ್ದುದು ಅವನೊಬ್ಬನ ಕಣ್ಣು, ಅದನ್ನೇ ಮುಚ್ಚಿದ. ದೋಣಿ ತಿರುಗಿತು, ಆದರೆ ಎತ್ತಲೋ ತಿರುಗಿತು. ನನ್ನಿಂದ ದೂರದಲ್ಲಿ ಹಾದು, ಖಾಲಿ ನೀರನ್ನು ಹುಡುಕುತ್ತ ಹೋಯಿತು. ಕೈ ಎತ್ತಲು ನೋಡಿದೆ, ಕೈ ನನ್ನದಲ್ಲ ಎಂಬಂತೆ ಬಿದ್ದಿತ್ತು. ಮನೆಯಲ್ಲಿ ನೆನೆಹಾಕಿದ ಉದ್ದಿನಬೇಳೆ ನೆನಪಾಯಿತು. ನಾನಿಲ್ಲದಿದ್ದರೆ ಇವರು ಅದನ್ನು ಹಾಗೇ ಹುಳಿಯಲು ಬಿಡುತ್ತಾರೆ ಅನಿಸಿತು. ಸಾಯುವವರು ದೇವರನ್ನು ನೆನೆಯುತ್ತಾರಂತೆ, ನಾನು ಉದ್ದಿನಬೇಳೆಯನ್ನು ನೆನೆದೆ.

ನನ್ನನ್ನು ಕಂಡದ್ದು ಗಿರೀಶ್. ಲೊರೇನ್ ಚುಕ್ಕಾಣಿ ಕಿತ್ತುಕೊಂಡ ಮೇಲೆ ಅವರು ದೋಣಿಯ ಕಂಬ ತಬ್ಬಿ ಮೇಲೆ ನಿಂತು ನೀರನ್ನೆಲ್ಲ ಜಾಲಾಡಿದರಂತೆ. ಅಲೆ ನನ್ನನ್ನು ಎತ್ತಿದ ಕ್ಷಣ ಅವರ ತೋರುಬೆರಳು ನನ್ನ ಮೇಲೆ ಬಂದು ಕೂತಿತು. ಸಿಟ್ಟು ಬಂದಾಗಲೆಲ್ಲ ನನ್ನ ಮೂತಿಗೇ ತಿವಿಯುವ ಹಾಗೆ ಬೆರಳಾಡಿಸಿ ಮಾತಾಡುವುದು ಅವರ ಚಾಳಿ. ಅದಕ್ಕಾಗಿ ನಾನು ಅವರಿಗೆ ಮಾಡಿದ ಮಂಗಳಾರತಿಗೆ ಲೆಕ್ಕವಿಲ್ಲ. ಆವತ್ತು ಆ ಬೆರಳು ಅಲ್ಲಾಡಲಿಲ್ಲ. ದೋಣಿ ಪಕ್ಕಕ್ಕೆ ಬಂತು, ಲೊರೇನ್ ಹಗ್ಗದ ಕುಣಿಕೆಯನ್ನು ನನ್ನ ಕಂಕುಳಡಿ ಸಿಕ್ಕಿಸಿದರು, ನಾಗರಾಜು ಒಬ್ಬನೇ ನನ್ನನ್ನು ಮೂಟೆಯ ಹಾಗೆ ಮೇಲಕ್ಕೆಳೆದ. ಎಳೆದವನು ನನ್ನ ಕಾಲ ಹತ್ತಿರ ಕುಸಿದು ಕೂತು ಹೋ ಎಂದು ಅತ್ತ.

ದಡದಲ್ಲಿ ಕಂಬಳಿ, ಬಿಸಿನೀರು. ನನಗೆ ನಡುಕ ನಿಲ್ಲಲಿಲ್ಲ. ಲೊರೇನ್ ನಾಗರಾಜುವಿನ ಎದುರು ಬಂದು ನಿಂತರು.

"ಯಾಕೆ ಬೆರಳು ತೋರಿಸಲಿಲ್ಲ?"

"ಪ್ರಾರ್ಥನೆ ಮಾಡ್ತಿದ್ದೆ."

"ಕಣ್ಣು ಮುಚ್ಚಿ?" ಎಂದರು. ಆಮೇಲೆ ಬೆನ್ನು ತಿರುಗಿಸಿ ಹಗ್ಗ ಸುತ್ತಲು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಪಾರ್ಕಿಂಗ್ ಲಾಟಿನಲ್ಲಿ ಗಿರೀಶ್ ಕಾರಿನ ಹೀಟರು ಹಾಕಿ ನನ್ನನ್ನು ಕೂರಿಸಿದ ಮೇಲೆ ನಾಗರಾಜು ಬಾಗಿಲ ಹತ್ತಿರ ಬಂದು ನಿಂತ. ನನ್ನ ಮುಖ ನೋಡಲಿಲ್ಲ.

"ಅಕ್ಕ, ಪ್ರಾರ್ಥನೆ ಆಮೇಲೆ. ಮೊದ್ಲು ಬೆರಳೇ ಬರ್ನಿಲ್ಲ. ನಿಮ್ಗೆ ಹೆಂಗಕ್ಕ ಬೆರಳು ತೋರ್ಸ್ಲಿ?"

"ದಿಂಬಿಗೆ ತೋರಿಸ್ತಿದ್ಯಲ್ಲಪ್ಪ!" ಎಂದು ಗಿರೀಶ್ ಸಿಡಿದರು.

"ಅದು ದಿಂಬು, ಅಣ್ಣ. ಇವ್ರು ಅಕ್ಕ."

ನಾನು ಕಕ್ಕಾಬಿಕ್ಕಿಯಾದೆ. ಯಾಕೆಂದರೆ ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು. ಬಳ್ಳಿಯಲ್ಲಿ ಬಿಟ್ಟ ಸೋರೆಯ ಹೀಚಿಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆ, ಬೆರಳು ಮಡಚಿ ತೋರಿಸು ಎಂದು ಅಜ್ಜಿ ನನ್ನ ಕೈಗೇ ಬಡಿದಿದ್ದಳು. ಹೀಚಿಗೇ ಹಾಗಾದರೆ ಹಿರಿಯರಿಗೆ? ನಮ್ಮಲ್ಲಿ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ, ಕೈಯೇ ತಿಳಿದುಕೊಂಡಿರುತ್ತದೆ. ಅವನ ಯಾವ ವಿನಯವನ್ನು ಊರೆಲ್ಲ ಹೊಗಳಿಕೊಂಡು ಬಂದಿದ್ದೆನೋ ಅದೇ ನನ್ನನ್ನು ಮುಳುಗಿಸುತ್ತಿತ್ತು. ಇದಕ್ಕಿಂತ ದೊಡ್ಡ ಆಘಾತ ನೀರಿನಲ್ಲೂ ಆಗಿರಲಿಲ್ಲ.

ಇನ್ನು ದೋಣಿಯ ಸಹವಾಸ ಬೇಡ ಎಂದು ನಾನು ಖಡಾಖಂಡಿತ ಹೇಳಿದೆ. ನಾಗರಾಜು ಮನೆಗೆ ಬರುವುದನ್ನೇ ಬಿಟ್ಟ. ಗೌರಿ ಹಬ್ಬಕ್ಕೆ ಅವನ ಹೆಂಡತಿ ಮಗಳನ್ನು ಮಾತ್ರ ಕರೆದುಕೊಂಡು ಬಂದು, "ಊಟ ಸೇರ್ತಿಲ್ಲ ಅಕ್ಕ, ರಾತ್ರಿ ಎದ್ದು ಕೂರ್ತಾರೆ," ಎಂದಳು. ನನಗೂ ನಿದ್ದೆ ಅಷ್ಟಕ್ಕಷ್ಟೇ ಆಗಿತ್ತು. ಕಣ್ಣು ಮುಚ್ಚಿದರೆ ಅವನ ಮುಚ್ಚಿದ ಕಣ್ಣೇ ಎದುರಿಗೆ ಬರುತ್ತಿತ್ತು. ಅವನ ಮೇಲೆ ಸಿಟ್ಟಿತ್ತು, ಇರಲಿಲ್ಲ ಎಂದರೆ ಸುಳ್ಳು. ಆದರೆ ಅವನು ನನ್ನನ್ನು ಅಕ್ಕ ಎಂದು ಕರೆಯುವುದು ಅಲ್ಲಿಗೇ ನಿಂತುಹೋದರೆ ಎಂಬ ಭಯ ಅದಕ್ಕಿಂತ ಹೆಚ್ಚಾಗಿತ್ತು.

ಲೊರೇನ್ ಫೋನು ಮಾಡಿದ್ದು ಸೆಪ್ಟೆಂಬರ್ ಕೊನೆಗೆ. ನಾಗರಾಜು ಆಕೆಗೆ ಎಲ್ಲವನ್ನೂ ಹೇಳಿದ್ದನಂತೆ.

"ತಪ್ಪು ನನ್ನದು," ಎಂದರು. "ಲ್ಯಾಂಡ್‌ಲಬ್ಬರ್ ಅಂದರೆ ಬೈಗುಳ ಅಂದುಕೊಂಡೆಯಾ? ನನ್ನ ಮಟ್ಟಿಗೆ ಅಲ್ಲ. ಇವನ ಮೇಲೆ ಒಂದು ಕಣ್ಣಿರಲಿ ಅಂತ ಉಳಿದವರಿಗೆ ಹೇಳೋದು ಅದು. ದಿಂಬು ನೋಡಿ ಅವನ ಮೇಲಿಂದ ಆ ಹೆಸರು ತೆಗೆದುಬಿಟ್ಟೆ. ಶನಿವಾರ ನೀವೆಲ್ಲ ಬನ್ನಿ. ದೋಣಿ ಹತ್ತೋದು ಬೇಡ. ಹೀಗೇ ಬಿಟ್ಟರೆ ಅವನು ಯಾವತ್ತೂ ನಿನ್ನ ಮುಖ ನೋಡಲ್ಲ."

ಹೋದೆವು. ನಾಗರಾಜು ಹೆಂಡತಿ, ಮಗಳು ಇಂಚರಾಳನ್ನೂ ಕರೆತಂದಿದ್ದ. ಶಾಲೆಗೆ ಆಗಷ್ಟೇ ಸೇರಿದ ಮಗು. ನನ್ನನ್ನು ನೋಡಿ ಅವನು ಅಷ್ಟು ದೂರದಿಂದಲೇ ತಲೆ ತಗ್ಗಿಸಿದ. ಗಾಳಿ ಬಿದ್ದುಹೋಗಿತ್ತು, ಕೊಲ್ಲಿ ತಟ್ಟೆಯ ಹಾಗೆ ಮಲಗಿತ್ತು. ಲೊರೇನ್ ನನ್ನನ್ನು ಉದ್ದನೆಯ ದಕ್ಕೆಯ ಮೇಲೆ ನಡೆಯಲು ಹೇಳಿದರು. ನಾಗರಾಜು ಈ ತುದಿಯಲ್ಲಿ ನಿಂತು ನಾನು ಹೋದ ಕಡೆಗೆಲ್ಲ ಬೆರಳು ತೋರಿಸಬೇಕು.

ನಾನು ನಡೆದೆ. ತಿರುಗಿ ನೋಡಿದರೆ ಅದೇ ಜೋಡಿಸಿದ ಐದು ಬೆರಳು.

"ನಾನೇ ಹೇಳ್ತಿದೀನಲ್ಲೋ, ತೋರಿಸೋ!" ಎಂದು ಕೂಗಿದೆ.

"ಬರಾಕಿಲ್ಲಕ್ಕ," ಎಂದ. ಹಣೆಯ ಮೇಲೆ ಬೆವರು. ಇನ್ನೊಂದು ಕೈಯಿಂದ ತೋರುಬೆರಳನ್ನು ನೆಟ್ಟಗೆ ಮಾಡಿಕೊಂಡ. ಅದು ನನ್ನ ಕಡೆ ತಿರುಗುತ್ತಿದ್ದಂತೆ ಮತ್ತೆ ಬಗ್ಗಿತು. ಗಿರೀಶ್ ಮುಖ ಆಚೆ ತಿರುಗಿಸಿಕೊಂಡರು. ನನಗೆ ಸಾಕೆನಿಸಿತು. ಆಗುವುದಿಲ್ಲ, ಮನೆಗೆ ಹೋಗೋಣ ಎನ್ನಬೇಕೆಂದಿದ್ದೆ.

ಇಂಚರಾ ಇದನ್ನೆಲ್ಲ ಆಟವೆಂದುಕೊಂಡು ಅಪ್ಪನ ಪಕ್ಕಕ್ಕೆ ಬಂದು ನಿಂತಿದ್ದಳು. ಪುಟ್ಟ ತೋಳು ಚಾಚಿ, ನೇರ ನನ್ನ ಕಡೆಗೆ ಬೆರಳು ಮಾಡಿದಳು. "ಐ ಸೀ ಆಂಟಿ!" ನಾನು ಬಲಕ್ಕೆ ಸರಿದೆ, ಬೆರಳು ಬಲಕ್ಕೆ ಬಂತು. ಎಡಕ್ಕೆ ಸರಿದೆ, ಎಡಕ್ಕೆ ಬಂತು.

"ಮಗಾ, ದೊಡ್ಡೋರ್ಗೆ ಹಂಗೆ ಬೆರಳು ತೋರುಸ್ಬಾರ್ದು," ಎಂದ ನಾಗರಾಜು. ಯೋಚಿಸಿ ಆಡಿದ ಮಾತಲ್ಲ. ಮಗುವಿನ ಕೈ ಹಿಡಿದು, ಬೆರಳನ್ನು ಮೆಲ್ಲಗೆ ಮಡಚಿಯೂ ಬಿಟ್ಟ.

ಮಗು ಮುಖ ಸಣ್ಣದು ಮಾಡಿಕೊಂಡು ಕೈ ಕೆಳಗಿಳಿಸಿತು.

ಅವನು ಏನೆಂದ ಎಂದು ಲೊರೇನ್ ಕೇಳಿದರು, ನಮ್ಮಲ್ಲಿ ಒಬ್ಬರಿಗೂ ಹೇಳುವ ಧೈರ್ಯ ಬರಲಿಲ್ಲ. ನಾಗರಾಜು ತಾನು ಮಡಚಿದ ಆ ಪುಟ್ಟ ಮುಷ್ಟಿಯನ್ನೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಗಿತ್ತು. ನೀರಿನಿಂದ ನನ್ನನ್ನು ಎಳೆದ ದಿನವೂ ಅವನನ್ನು ಹಾಗೆ ಕಂಡಿರಲಿಲ್ಲ.

ಅವನು ಮೊಣಕಾಲೂರಿ ಮಗಳ ಹಿಂದೆ ಕೂತ. "ಬ್ಯಾಡ ಮಗಾ, ಮಡಿಸ್ಬ್ಯಾಡ," ಎಂದ. "ಅಪ್ಪ ತಪ್ಪು ಹೇಳ್ದ. ತೋರ್ಸು."

ಅವಳ ಬೆರಳನ್ನು ಅವನೇ ಬಿಡಿಸಿದ. ಬಿಡಿಸಿ, ತನ್ನ ತೋಳನ್ನು ಅವಳ ತೋಳಿನ ಪಕ್ಕಕ್ಕೆ ಇಟ್ಟ. ನಾನು ಬೆನ್ನು ತಿರುಗಿಸಿ ನಡೆಯತೊಡಗಿದೆ. ದಕ್ಕೆಯ ಕೊನೆ ತಲುಪುವ ತನಕ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹಿಂದಿನಿಂದ ಅವನು ಒಂದೇ ಸಮನೆ ಹೇಳುತ್ತಿದ್ದುದು ಕೇಳಿಸುತ್ತಿತ್ತು: "ಅಲ್ಲವ್ರೆ ಅಕ್ಕ. ಅಲ್ಲವ್ರೆ. ಅಗೋ, ಅಲ್ಲವ್ರೆ."

ತುದಿಗೆ ಹೋಗಿ ತಿರುಗಿದೆ. ಒಂದು ಸಣ್ಣದು, ಒಂದು ದೊಡ್ಡದು, ಎರಡು ಬೆರಳು ನನ್ನ ಕಡೆಗಿದ್ದವು. ದೊಡ್ಡದು ಗಡಗಡ ನಡುಗುತ್ತಿತ್ತು, ಆದರೂ ಬಗ್ಗಲಿಲ್ಲ.